ಓದುಗರ ಪ್ರಶ್ನೆ: ಮಂಗಳದ ಗಾಲಿಗಳು ಮತ್ತು ವಾಪಸಾತಿಯ ಲೆಕ್ಕ

ಮಂಗಳದ ನೆಲದಲ್ಲಿ ಓಡಾಡುವ ಯಂತ್ರಬಂಡಿಗಳಾದ ರೋವರ್‌ಗಳ ಬಗ್ಗೆ ಬಂದ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಎರಡೇ ವಿಷಯಕ್ಕೆ ಸೇರಿದ್ದವು. ಯಂತ್ರಗಳು ಅಲ್ಲಿ ಹೇಗೆ ಬಾಳುತ್ತವೆ ಎಂಬುದು ಒಂದು. ಮನುಷ್ಯರು ಹೋಗುವುದು ಯಾವಾಗ ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಹುಡುಕಲು ಮೊದಲನೆಯದನ್ನೇ ಬಗೆಯಬೇಕು. ಆದ್ದರಿಂದ ಅವನ್ನು ಬೇರೆ ಮಾಡದೆ ಒಟ್ಟಿಗೇ ಇಟ್ಟಿದ್ದೇವೆ. ಓದುವಾಗ ಒಂದು ವ್ಯತ್ಯಾಸ ನೆನಪಿರಲಿ: ಕೆಲಸ ಮುಗಿದ ರೋವರನ್ನು ಅಲ್ಲೇ ಬಿಟ್ಟುಬಿಡಬಹುದು, ಮನುಷ್ಯರನ್ನು ಕರೆತರಲೇಬೇಕು.

ಪ್ರಶ್ನೆ: ಭೂಮಿಯಲ್ಲಿ ಕುಳಿತು ರಿಮೋಟ್ ಕಾರಿನಂತೆ ರೋವರ್ ಓಡಿಸುತ್ತಾರೆಯೇ?

ಉತ್ತರ: ಆಗುವುದಿಲ್ಲ. ಮಂಗಳ ನಮಗೆ ತೀರ ಹತ್ತಿರ ಬಂದಾಗ ಸುಮಾರು 5.5 ಕೋಟಿ ಕಿ.ಮೀ. ದೂರ, ಸೂರ್ಯನ ಆಚೆ ಬದಿಗೆ ಸರಿದಾಗ 40 ಕೋಟಿ ಕಿ.ಮೀ. ರೇಡಿಯೊ ಸಂಕೇತ ಬೆಳಕಿನ ವೇಗದಲ್ಲಿ ಓಡಿದರೂ ಒಂದು ಕಡೆಗೆ 3ರಿಂದ 22 ನಿಮಿಷ ಹಿಡಿಯುತ್ತದೆ. ಎದುರಿಗೆ ಬಂಡೆ ಇದೆ ಎಂಬ ಚಿತ್ರ ನಮಗೆ ತಲುಪಿ, ನಾವು ಕಳಿಸಿದ ‘ನಿಲ್ಲು’ ಅಲ್ಲಿಗೆ ಮುಟ್ಟುವಷ್ಟರಲ್ಲಿ ರೋವರ್ ಬಂಡೆಗೆ ಗುದ್ದಿ ಬಹಳ ಹೊತ್ತಾಗಿರುತ್ತದೆ.

ಹಾಗಾಗಿ ಒಂದು ಇಡೀ ದಿನದ ಕೆಲಸವನ್ನು ಒಂದೇ ಕಂತಿನಲ್ಲಿ ಕಳಿಸುತ್ತಾರೆ. ಮಂಗಳದಲ್ಲಿ ಬೆಳಗಾಗುವ ಹೊತ್ತಿಗೆ ಗೋಲ್ಡ್‌ಸ್ಟೋನ್, ಮ್ಯಾಡ್ರಿಡ್ ಅಥವಾ ಕ್ಯಾನ್ಬೆರಾದ ದೊಡ್ಡ ಆಂಟೆನಾ ಆಜ್ಞೆಗಳ ಪಟ್ಟಿಯನ್ನು ರವಾನಿಸುತ್ತದೆ. ರೋವರ್ ಹಗಲಿಡೀ ಅದರಂತೆ ನಡೆದು, ಮಧ್ಯಾಹ್ನದ ಬಳಿಕ ನೆತ್ತಿಯ ಮೇಲೆ ಹಾದುಹೋಗುವ ಕಕ್ಷಾನೌಕೆಗೆ ಚಿತ್ರ, ಅಳತೆಗಳನ್ನು ಏರಿಸುತ್ತದೆ. ನೌಕೆ ಅದನ್ನು ಭೂಮಿಗೆ ದಾಟಿಸುತ್ತದೆ. ರೋವರಿನ ಚಿಕ್ಕ ಆಂಟೆನಾದಿಂದ ನೇರವಾಗಿ ಭೂಮಿಗೆ ಹೋಗುವ ಮಾಹಿತಿ ಬಹಳ ತೆಳ್ಳಗಿನ ಧಾರೆ. ನಾವು ನೋಡುವ ಚಿತ್ರಗಳಲ್ಲಿ ಹೆಚ್ಚಿನವು ಈ ಮಧ್ಯವರ್ತಿ ನೌಕೆಗಳ ಮೂಲಕವೇ ಬಂದವು. ಅಲ್ಲಿ ರಾತ್ರಿಯಾಗಿ ರೋವರ್ ಮಲಗಿರುವಾಗ ಇಲ್ಲಿನ ತಂಡ ನಾಳೆಯ ಪಟ್ಟಿ ಬರೆಯುತ್ತದೆ. ಮಂಗಳದ ದಿನ 24 ಗಂಟೆ 39 ನಿಮಿಷ 35 ಸೆಕೆಂಡು. ಆದ್ದರಿಂದ ಇಳಿದ ಹೊಸದರಲ್ಲಿ ಸುಮಾರು ಮೂರು ತಿಂಗಳು ತಂಡದವರ ಪಾಳಿಯೂ ದಿನಕ್ಕೆ 40 ನಿಮಿಷದಂತೆ ಮುಂದೆ ಸರಿಯುತ್ತ ಹೋಗುತ್ತದೆ.

ಪಟ್ಟಿಯಲ್ಲಿ ‘ಅಲ್ಲಿಗೆ ಹೋಗು’ ಎಂದಿದ್ದರೆ ನಡುವಿನ ದಾರಿಯನ್ನು ರೋವರೇ ಹುಡುಕಿಕೊಳ್ಳುತ್ತದೆ. ಜೋಡಿ ಕ್ಯಾಮೆರಾಗಳಿಂದ ಆಳ ಅಳೆದು ನಕ್ಷೆ ಕಟ್ಟಿ, ಗಾಲಿ ಏರಲಾಗದ ಕಲ್ಲನ್ನು ಬಳಸಿ ಹೋಗುತ್ತದೆ. ಹಳೆಯವು ನಡೆದು, ನಿಂತು, ಚಿತ್ರ ತೆಗೆದು, ಲೆಕ್ಕ ಹಾಕಿ ಮತ್ತೆ ನಡೆಯುತ್ತಿದ್ದವು. ಹೊಸ ರೋವರ್ ಪರ್ಸಿವರೆನ್ಸ್‌ನಲ್ಲಿ ಚಿತ್ರದ ಲೆಕ್ಕಕ್ಕೆಂದೇ ಬೇರೆ ಕಂಪ್ಯೂಟರ್ ಇರುವುದರಿಂದ ಅದು ನಡೆಯುತ್ತಲೇ ಯೋಚಿಸಬಲ್ಲದು. ಆದರೂ ಗಂಟೆಗೆ 120 ಮೀಟರ್ ಆಸುಪಾಸು ಅಷ್ಟೇ.

ಇಲ್ಲಿ ಕೈಕೊಡುವ ಸಂಗತಿ ಜಾರುವಿಕೆ. ಮರಳಿನಲ್ಲಿ ಗಾಲಿ ಹತ್ತು ಸುತ್ತು ತಿರುಗಿದರೂ ರೋವರ್ ಎರಡು ಸುತ್ತಿನಷ್ಟು ಮಾತ್ರ ಮುಂದೆ ಹೋಗಿರಬಹುದು. ಆದ್ದರಿಂದ ಗಾಲಿಯ ಸುತ್ತನ್ನು ನಂಬದೆ, ಮೊದಲಿನ ಮತ್ತು ಈಗಿನ ಚಿತ್ರಗಳಲ್ಲಿ ಅದೇ ಕಲ್ಲು ಎಷ್ಟು ಸರಿದಿದೆ ಎಂದು ಅಳೆಯುತ್ತಾರೆ. ಕ್ಯೂರಿಯಾಸಿಟಿ ಎಂಬ ರೋವರಿನ ಗಾಲಿಗಳಲ್ಲಿ ಬೇಕೆಂದೇ ಕೊರೆದ ರಂಧ್ರಗಳಿವೆ; ಅವು ಮೋರ್ಸ್ ಸಂಕೇತದಲ್ಲಿ ಅದನ್ನು ಕಟ್ಟಿದ ಪ್ರಯೋಗಾಲಯದ ‘ಜೆಪಿಎಲ್’ ಎಂಬ ಮೂರು ಅಕ್ಷರಗಳು. ಗುರುತಿಗೆ ಒಂದು ಕಲ್ಲೂ ಇಲ್ಲದ ಮರಳಿನಲ್ಲಿ ಆ ಅಚ್ಚೇ ಅಳತೆಪಟ್ಟಿ. ಜಾರುವಿಕೆ ಮಿತಿ ಮೀರಿದರೆ ರೋವರ್ ತಾನೇ ನಿಂತು ಅಪ್ಪಣೆಗೆ ಕಾಯುತ್ತದೆ.

ಪ್ರಶ್ನೆ: ಕ್ಯೂರಿಯಾಸಿಟಿಯ ಗಾಲಿಗಳು ಹರಿದು ತೂತಾದ ಚಿತ್ರ ನೋಡಿದೆ. ಅಷ್ಟು ಖರ್ಚು ಮಾಡಿ ತೆಳು ಗಾಲಿ ಹಾಕಿದ್ದೇಕೆ? ರಬ್ಬರ್ ಟೈರ್ ಹಾಕಬಾರದಿತ್ತೆ?

ಉತ್ತರ: ರಬ್ಬರಿನ ಮಾತು ಮೊದಲು ಮುಗಿಸೋಣ. ಆ ರೋವರ್ ಇರುವ ಗೇಲ್ ಕುಳಿಯಲ್ಲಿ ರಾತ್ರಿಯ ಚಳಿ ಮೈನಸ್ 90 ಡಿಗ್ರಿವರೆಗೂ ಇಳಿಯುತ್ತದೆ. ಆ ಚಳಿಗೆ ಸಾಮಾನ್ಯ ರಬ್ಬರ್ ಗಾಜಿನಂತೆ ಗಡುಸಾಗಿ ಬಿರಿಯುತ್ತದೆ, ಉಳಿದದ್ದನ್ನು ನೇರಳಾತೀತ ಕಿರಣ ಹಾಳುಮಾಡುತ್ತದೆ. ಆದ್ದರಿಂದ ಲೋಹವೇ ಗತಿ.

ತೆಳುವಾಗಿಸಿದ್ದಕ್ಕೆ ಕಾರಣ ತೂಕ. ಒಟ್ಟು ಆರು ಗಾಲಿ, ಪ್ರತಿಯೊಂದರ ವ್ಯಾಸ 50 ಸೆಂ.ಮೀ. ಅಲ್ಯೂಮಿನಿಯಂ ಗಟ್ಟಿಯಿಂದ ಕಡೆದ ಗಾಲಿಯ ಹೊರಮೈ ದಪ್ಪ ಬರೀ 0.75 ಮಿ.ಮೀ. ಅದರ ಮೇಲೆ ಹಿಡಿತಕ್ಕೆಂದು ಬಾಣದ ಮೊನೆಯಂತೆ ಅಂಕುಡೊಂಕಾದ 24 ಏಣುಗಳು. ಇಳಿಯುವ ಕೊನೆಯ ಕ್ಷಣದಲ್ಲಿ ಈ ಗಾಲಿಗಳು ನೇರವಾಗಿ ನೆಲಕ್ಕೆ ತಾಗುತ್ತವೆ, ಹಗ್ಗದಲ್ಲಿ ತೂಗಿರುವಾಗ (ಆ ಬಗೆಯನ್ನು ಮುಂದೆ ಹೇಳುತ್ತೇವೆ) ಅವುಗಳ ಒಂದೊಂದು ಕಿಲೊ ಸಹ ಲೆಕ್ಕಕ್ಕೆ ಬರುತ್ತದೆ. 899 ಕೆ.ಜಿ.ಯ ರೋವರ್ ಮಂಗಳದ ಗುರುತ್ವದಲ್ಲಿ ಇಲ್ಲಿನ 340 ಕೆ.ಜಿ.ಯಷ್ಟು ಮಾತ್ರ ಒತ್ತುತ್ತದೆ. ಗಾಲಿಗೆ 57 ಕೆ.ಜಿ. ಬಂತು. ಮರಳು, ಬಿಡಿ ಕಲ್ಲುಗಳ ಮೇಲೆ ಇದು ಏನೇನೂ ಹೆಚ್ಚಲ್ಲ.

ಆದರೆ ಗೇಲ್ ಕುಳಿಯಲ್ಲಿ ಸಿಕ್ಕಿದ್ದು ಬಿಡಿ ಕಲ್ಲಲ್ಲ. ನೆಲದಲ್ಲಿ ಬೇರೂರಿ ನಿಂತ, ಗಾಳಿ ಸವೆಸಿ ಚೂಪು ಮಾಡಿದ ಕಲ್ಲುಮೊನೆಗಳು. ಬಿಡಿ ಕಲ್ಲಾದರೆ ಹೊರಳುತ್ತದೆ, ಮೊನೆ ಅಲುಗಾಡುವುದಿಲ್ಲ. ಮೇಲಾಗಿ ಹಿಂದಿನ ಗಾಲಿಗಳು ತಳ್ಳುತ್ತಿರುತ್ತವೆ. ಆ ನೂಕು ಗಾಲಿಗಳನ್ನು ಬೆಸೆದಿರುವ ತೋಳುಗಳ ಮೂಲಕ ಮುಂದಿನ ಮತ್ತು ನಡುವಿನ ಗಾಲಿಗಳನ್ನು ಮೊನೆಯ ಮೇಲೆ ಇನ್ನಷ್ಟು ಅದುಮುತ್ತದೆ. ತಗಡು ತೂತಾಗುತ್ತದೆ. ಎರಡನೆಯ ಬಗೆಯ ಹಾನಿ ನಿಧಾನದ್ದು: ಏಣು ತಿರುವು ತೆಗೆದುಕೊಳ್ಳುವ ಮೂಲೆಯಲ್ಲಿ ತಗಡು ಮತ್ತೆ ಮತ್ತೆ ಬಾಗಿ ಲೋಹ ದಣಿದು ಸೀಳುತ್ತದೆ. 2012ರ ಆಗಸ್ಟ್‌ನಲ್ಲಿ ಇಳಿದ ರೋವರಿನಲ್ಲಿ 2013ರ ಹೊತ್ತಿಗೇ ಇದು ಎದ್ದು ಕಂಡಿತು.

ರಿಪೇರಿ ಅಸಾಧ್ಯ, ನಡೆಯುವ ರೀತಿ ಬದಲಿಸಬಹುದು. ಕಕ್ಷೆಯಿಂದ ತೆಗೆದ ಚಿತ್ರ ನೋಡಿ ಮೃದು ನೆಲದ ದಾರಿ ಆರಿಸಿದರು. ಕೆಲವು ಕಡೆ ಹಿಮ್ಮುಖವಾಗಿ ಓಡಿಸಿದರು; ಆಗ ತಳ್ಳಾಟ ಎಳೆದಾಟವಾಗುತ್ತದೆ. 2017ರಲ್ಲಿ ಹೊಸ ತಂತ್ರಾಂಶ ಕಳಿಸಿದರು: ಕಲ್ಲು ಏರುತ್ತಿರುವ ಗಾಲಿಗೂ ಸಮತಟ್ಟಿನಲ್ಲಿರುವ ಗಾಲಿಗೂ ಬೇರೆ ಬೇರೆ ವೇಗ ಕೊಟ್ಟು ನೂಕು ತಗ್ಗಿಸುವ ಏರ್ಪಾಡು ಅದು. 2021ರಲ್ಲಿ ಇಳಿದ ಪರ್ಸಿವರೆನ್ಸ್‌ನಲ್ಲಿ ಗಾಲಿಯನ್ನೇ ತಿದ್ದಿದ್ದಾರೆ: ವ್ಯಾಸ 52.5 ಸೆಂ.ಮೀ., ಅಗಲ ಕಡಿಮೆ, ತಗಡು ದಪ್ಪ, ಅಂಕುಡೊಂಕಿನ ಬದಲು ತುಸುವೇ ಬಳುಕಿದ 48 ಏಣು. ಚೂಪು ಮೂಲೆಯಿಲ್ಲದಿದ್ದರೆ ಸೀಳು ಹುಟ್ಟುವ ಜಾಗವೂ ಇರುವುದಿಲ್ಲ.

ಕೆಟ್ಟ ಗಾಲಿಯಿಂದ ಒಳ್ಳೆಯದಾದ ಒಂದು ಪ್ರಸಂಗವೂ ಉಂಟು. ಸ್ಪಿರಿಟ್ ರೋವರಿನ ಮುಂದಿನ ಬಲಗಾಲಿ 2006ರಲ್ಲಿ ತಿರುಗುವುದನ್ನೇ ನಿಲ್ಲಿಸಿತು. ಹಿಮ್ಮುಖವಾಗಿ ಅದನ್ನು ಎಳೆದುಕೊಂಡು ಹೋಗುವಾಗ ಗಾಲಿ ನೆಲವನ್ನು ಉತ್ತಿತು; 2007ರಲ್ಲಿ ಆ ಸಾಲಿನಲ್ಲಿ ಬೆಳ್ಳಗಿನ ಮಣ್ಣು ಎದ್ದಿತು. ಅದರಲ್ಲಿ ನೂರಕ್ಕೆ ಸುಮಾರು 90 ಭಾಗ ಸಿಲಿಕಾ. ಬಿಸಿನೀರು ಅಥವಾ ಬಿಸಿ ಹಬೆ ಇದ್ದ ಕಡೆ ಹೀಗಾಗುತ್ತದೆ. ಒಂದು ಕಾಲದಲ್ಲಿ ಅಲ್ಲಿ ನೀರಿತ್ತು ಎನ್ನುವುದಕ್ಕೆ ಸಿಕ್ಕ ಬಲವಾದ ಕುರುಹುಗಳಲ್ಲಿ ಅದೂ ಒಂದು.

ಪ್ರಶ್ನೆ: ನನ್ನ ಫೋನಿನಲ್ಲಿರುವ ಪ್ರೊಸೆಸರ್ ರೋವರಿನದ್ದಕ್ಕಿಂತ ವೇಗದ್ದು ಎನ್ನುತ್ತಾರೆ. ನಿಜವೇ?

ಉತ್ತರ: ನಿಜ. ಕ್ಯೂರಿಯಾಸಿಟಿ, ಪರ್ಸಿವರೆನ್ಸ್ ಎರಡರ ಮುಖ್ಯ ಕಂಪ್ಯೂಟರೂ ಆರ್‌ಎಡಿ750. ವೇಗ 200 ಮೆಗಾಹರ್ಟ್ಸ್, ಮೆಮೊರಿ 256 ಎಂಬಿ. ವಿಕಿರಣದ ಕಣವೊಂದು ಚಿಪ್‌ಗೆ ಬಡಿದರೆ 0 ಇದ್ದದ್ದು 1 ಆಗಬಹುದು, ಕೆಲವೊಮ್ಮೆ ಚಿಪ್ಪೇ ಸುಡಬಹುದು. ಅದನ್ನು ತಾಳುವಂತೆ ಕಟ್ಟಿದ ಚಿಪ್ ನಿಧಾನದ್ದಾಗಿಯೇ ಇರುತ್ತದೆ. ಅಂಥದ್ದೇ ಎರಡನೆಯ ಕಂಪ್ಯೂಟರ್ ಕೂಡ ಒಳಗಿದೆ. ಒಂದು ಕೆಟ್ಟರೆ ಇನ್ನೊಂದು.

ಪ್ರಶ್ನೆ: ಸೌರ ಫಲಕ ಒಳ್ಳೆಯದೋ ಪರಮಾಣು ಬ್ಯಾಟರಿಯೋ?

ಉತ್ತರ: ಎಷ್ಟು ದಿನ, ಎಷ್ಟು ವಿದ್ಯುತ್ ಬೇಕು ಎನ್ನುವುದರ ಮೇಲೆ ಹೋಗುತ್ತದೆ. 90 ದಿನ ಎಂದು ಕಳಿಸಿದ ಆಪರ್ಚುನಿಟಿ ರೋವರ್ ಸೌರ ಫಲಕದ ಮೇಲೆಯೇ 2004ರಿಂದ 2018ರವರೆಗೆ ನಡೆಯಿತು. ಫಲಕದ ಮೇಲೆ ಧೂಳು ಕೂರುತ್ತಿತ್ತು, ಆಗಾಗ ಸುಳಿಗಾಳಿ ಬಂದು ಒರೆಸಿಕೊಡುತ್ತಿತ್ತು. ಕೊನೆಗೆ 2018ರ ಜೂನ್‌ನಲ್ಲಿ ಇಡೀ ಗ್ರಹವನ್ನು ಮುಚ್ಚಿದ ಧೂಳಿನ ಬಿರುಗಾಳಿಯಲ್ಲಿ ಅದರ ದಿನದ ವಿದ್ಯುತ್ ನೂರಾರು ವಾಟ್-ಗಂಟೆಯಿಂದ 22 ವಾಟ್-ಗಂಟೆಗೆ ಕುಸಿಯಿತು. ಹೀಟರ್ ಉರಿಯದಿದ್ದರೆ ಚಳಿಗೆ ಬ್ಯಾಟರಿ ಸಾಯುತ್ತದೆ, ಬೆಸುಗೆಗಳು ಬಿಡುತ್ತವೆ. ಅದು ಮತ್ತೆ ಎಚ್ಚರವಾಗಲಿಲ್ಲ. ಚೀನಾದ ಜುರಾಂಗ್ 2022ರ ಮೇ ತಿಂಗಳಲ್ಲಿ ಚಳಿಗಾಲದ ನಿದ್ರೆಗೆ ಹೋಗಿದ್ದು ಎದ್ದಿಲ್ಲ, ಅದಕ್ಕೂ ಧೂಳೇ ಶತ್ರು. ನಿಂತಲ್ಲೇ ಇದ್ದ ಇನ್‌ಸೈಟ್ ನೌಕೆಯ ಫಲಕವನ್ನು ಶುಚಿ ಮಾಡಲು 2021ರಲ್ಲಿ ಒಂದು ಉಪಾಯ ಹೂಡಿದರು. ಗಾಳಿ ಬೀಸುವಾಗ ಯಂತ್ರದ ಕೈಯಿಂದ ದಪ್ಪ ಮರಳನ್ನು ಫಲಕದ ಪಕ್ಕದಲ್ಲಿ ಉದುರಿಸಿದರು. ಗಾಳಿಗೆ ಹಾರಿದ ಮರಳು ಫಲಕದ ಮೇಲೆ ಪುಟಿಯುತ್ತ ಹೋಗುವಾಗ ನುಣ್ಣನೆಯ ಧೂಳನ್ನೂ ಎಬ್ಬಿಸಿಕೊಂಡು ಹೋಯಿತು! ದಿನಕ್ಕೆ ಸುಮಾರು 30 ವಾಟ್-ಗಂಟೆ ಲಾಭ.

ಕ್ಯೂರಿಯಾಸಿಟಿ, ಪರ್ಸಿವರೆನ್ಸ್ ಹೊತ್ತಿರುವುದು 4.8 ಕೆ.ಜಿ. ಪ್ಲುಟೋನಿಯಂ ಡೈಆಕ್ಸೈಡ್. ಅದು ತಾನಾಗಿ ಕ್ಷಯಿಸುತ್ತ ಸುಮಾರು 2,000 ವಾಟ್ ಶಾಖ ಕೊಡುತ್ತದೆ. ಬಿಸಿ-ತಂಪು ತುದಿಗಳ ನಡುವಿನ ಲೋಹದ ಜೋಡಿಗಳು ಅದರಿಂದ 110 ವಾಟ್ ವಿದ್ಯುತ್ ತೆಗೆಯುತ್ತವೆ. ಒಂದು ಫ್ಯಾನು, ಒಂದೆರಡು ಬಲ್ಬಿನಷ್ಟು. ಕೊರೆಯುವಾಗ ಹೆಚ್ಚು ಬೇಕಾದ್ದನ್ನು ಲಿಥಿಯಂ ಬ್ಯಾಟರಿ ಕೊಡುತ್ತದೆ. ಉಳಿದ ಶಾಖವೂ ವ್ಯರ್ಥವಲ್ಲ. ಕೊಳವೆಗಳಲ್ಲಿ ದ್ರವ ಹರಿಸಿ ಒಡಲನ್ನು ಬೆಚ್ಚಗಿಡುತ್ತಾರೆ.

ಮನುಷ್ಯರಿಗೆ ಇದು ಸಾಲದು. ಮುಂದೆ ಹೇಳುವ ಆಮ್ಲಜನಕದ ಕಾರ್ಖಾನೆಯೊಂದಕ್ಕೇ 25 ಕಿಲೊವಾಟ್ ಬೇಕು. 110 ವಾಟ್‌ನ ಬ್ಯಾಟರಿಗಳಿಂದ ಅಷ್ಟು ಪಡೆಯಲು 227 ಬ್ಯಾಟರಿ, ಅಂದರೆ ಒಂದು ಟನ್ನಿಗೂ ಮಿಕ್ಕಿ ಪ್ಲುಟೋನಿಯಂ ಡೈಆಕ್ಸೈಡ್. ಅಷ್ಟನ್ನು ತಯಾರಿಸುವವರೇ ಇಲ್ಲ. ಹಾಗಾಗಿ ಯುರೇನಿಯಂ ಸೀಳುವ ಚಿಕ್ಕ ರಿಯಾಕ್ಟರ್ ಬೇಕು. 2018ರಲ್ಲಿ ಅಮೆರಿಕದ ನೆವಾಡಾದಲ್ಲಿ ಕಿಲೊಪವರ್ ಎಂಬ ಮಾದರಿಯನ್ನು ಪರೀಕ್ಷಿಸಿದ್ದಾರೆ. ಧೂಳಿನ ಬಿರುಗಾಳಿ ವಾರಗಟ್ಟಲೆ ನಿಲ್ಲಬಹುದಾದ ಕಡೆ ಉಸಿರಾಟವನ್ನು ಸೌರ ಫಲಕಕ್ಕೆ ಮಾತ್ರ ಕಟ್ಟಿಡುವುದು ನಮ್ಮ ಮಟ್ಟಿಗೆ ಒಪ್ಪುವಂಥದ್ದಲ್ಲ.

ಪ್ರಶ್ನೆ: ಇಳಿಸಲು ಪ್ಯಾರಾಚೂಟ್ ಇದ್ದ ಮೇಲೆ ರಾಕೆಟ್, ಹಗ್ಗ, ಕ್ರೇನ್ ಎಲ್ಲ ಏಕೆ?

ಉತ್ತರ: ಮಂಗಳದ ಗಾಳಿಯ ಒತ್ತಡ ಇಲ್ಲಿಯದರ ನೂರರಲ್ಲಿ ಒಂದು ಪಾಲಿಗೂ ಕಡಿಮೆ. ನೌಕೆಯನ್ನು ಸುಡುವಷ್ಟು ಗಾಳಿ ಇದೆ, ನಿಲ್ಲಿಸುವಷ್ಟು ಇಲ್ಲ.

ಪರ್ಸಿವರೆನ್ಸ್ ಇಳಿದದ್ದು ಹೀಗೆ. ಗಂಟೆಗೆ 19,500 ಕಿ.ಮೀ. ವೇಗದಲ್ಲಿ ವಾತಾವರಣ ಹೊಕ್ಕಿತು. ಉಷ್ಣ ಕವಚದ ಹೊರಮೈ 1,300 ಡಿಗ್ರಿವರೆಗೆ ಕಾಯಿತು. ವೇಗದ ಬಹುಪಾಲು ಕರಗಿದ್ದು ಈ ಘಟ್ಟದಲ್ಲೇ. ಸುಮಾರು ನಾಲ್ಕು ನಿಮಿಷಕ್ಕೆ, 11 ಕಿ.ಮೀ. ಎತ್ತರದಲ್ಲಿ, ಗಂಟೆಗೆ 1,500 ಕಿ.ಮೀ. ವೇಗವಿರುವಾಗ 21.5 ಮೀಟರ್ ವ್ಯಾಸದ ಪ್ಯಾರಾಚೂಟ್ ಬಿಚ್ಚಿತು. 20 ಸೆಕೆಂಡಿಗೆ ಕವಚ ಕಳಚಿತು, ಕ್ಯಾಮೆರಾ ನೆಲ ನೋಡಿತು, ಒಳಗಿದ್ದ ನಕ್ಷೆಯೊಂದಿಗೆ ಹೋಲಿಸಿ ಬಂಡೆಗಳಿಲ್ಲದ ಜಾಗ ಆರಿಸಿತು. ಆದರೆ ಅಷ್ಟು ದೊಡ್ಡ ಪ್ಯಾರಾಚೂಟಿನಡಿಯಲ್ಲೂ ವೇಗ ಗಂಟೆಗೆ 320 ಕಿ.ಮೀ.! ಆದ್ದರಿಂದ 2.1 ಕಿ.ಮೀ. ಎತ್ತರದಲ್ಲಿ ಅದನ್ನು ಬಿಟ್ಟು, ಎಂಟು ಎಂಜಿನ್‌ಗಳ ಜೆಟ್ ಚೌಕಟ್ಟು ಹೊಣೆ ಹೊತ್ತಿತು. ಸುಮಾರು 20 ಮೀಟರ್ ಎತ್ತರದಲ್ಲಿ, ನಡೆಯುವವರ ವೇಗಕ್ಕಿಂತ ನಿಧಾನವಾಗಿ ಇಳಿಯುತ್ತ, 6.4 ಮೀಟರ್ ಉದ್ದದ ಹಗ್ಗಗಳಲ್ಲಿ ರೋವರನ್ನು ಕೆಳಗಿಳಿಸಿತು. ಗಾಲಿ ನೆಲ ಮುಟ್ಟಿ ಹಗ್ಗ ಸಡಿಲವಾದೊಡನೆ ಕತ್ತರಿಸಿಕೊಂಡು ದೂರ ಹಾರಿ ಬಿತ್ತು. ಎಂಜಿನ್‌ಗಳನ್ನು ಮೇಲೆಯೇ ಇಟ್ಟದ್ದು ಬೆಂಕಿಯ ರಭಸ ನೆಲ ಅಗೆದು ಕಲ್ಲು ಚಿಮ್ಮಿಸದಿರಲೆಂದು.

ಇಷ್ಟರಲ್ಲಿ ಒಂದು ಅಳತೆ ತಪ್ಪಿದರೂ ಮುಗಿಯಿತು. 2016ರಲ್ಲಿ ಯುರೋಪಿನ ಸ್ಕಿಯಾಪರೆಲ್ಲಿ ನೌಕೆ ಪ್ಯಾರಾಚೂಟಿನಡಿ ಜೋಲಿ ಹೊಡೆದಾಗ ತಿರುಗುವಿಕೆ ಅಳೆಯುವ ಉಪಕರಣ ಸುಮಾರು ಒಂದು ಸೆಕೆಂಡು ತನ್ನ ಗರಿಷ್ಠ ಅಂಕಿಗೆ ಅಂಟಿ ನಿಂತಿತು. ಅದನ್ನು ನಂಬಿ ಲೆಕ್ಕ ಹಾಕಿದ ಕಂಪ್ಯೂಟರ್ ‘ನಾನು ನೆಲಕ್ಕಿಂತ ಕೆಳಗಿದ್ದೇನೆ’ ಎಂದುಕೊಂಡಿತು. ಪ್ಯಾರಾಚೂಟ್ ಕಳಚಿತು, ರಾಕೆಟ್ ಮೂರೇ ಸೆಕೆಂಡು ಉರಿದು ನಿಂತಿತು. ಆಗ ಅದು ನಿಜವಾಗಿ ಇದ್ದದ್ದು 3.7 ಕಿ.ಮೀ. ಎತ್ತರದಲ್ಲಿ. ಎತ್ತರಕ್ಕೆ ಋಣ ಅಂಕಿ ಬಂದರೆ ನಂಬಬೇಡ ಎಂಬ ಒಂದು ತಪಾಸಣೆ ಇದ್ದಿದ್ದರೆ ಸಾಕಿತ್ತು.

ಮನುಷ್ಯರ ಮಾತಿಗೆ ಬಂದರೆ, ಈವರೆಗೆ ಅಲ್ಲಿ ಇಳಿಸಿದ ಅತಿ ಭಾರದ ಸಾಮಾನು ಪರ್ಸಿವರೆನ್ಸೇ, 1,025 ಕೆ.ಜಿ. ಜನರನ್ನೋ ವಾಪಸಾತಿಯ ರಾಕೆಟ್ಟನ್ನೋ ಹೊತ್ತ ನೌಕೆ 20 ಟನ್ನಿಗೆ ಕಡಿಮೆ ಆಗುವುದಿಲ್ಲ. ತೂಕ 20 ಪಟ್ಟಾದರೆ ಪ್ಯಾರಾಚೂಟಿನ ವಿಸ್ತಾರವೂ 20 ಪಟ್ಟಾಗಬೇಕು, ಅಂದರೆ ಸುಮಾರು 96 ಮೀಟರ್ ವ್ಯಾಸ. ಶಬ್ದವನ್ನು ಮೀರಿದ ವೇಗದಲ್ಲಿ ಅಂಥ ಬಟ್ಟೆ ಹರಿಯದೆ ಬಿಚ್ಚಿಕೊಳ್ಳುವುದು ನಂಬುವ ಮಾತಲ್ಲ. ಉಳಿದ ದಾರಿ ಎರಡು: ಗಾಳಿ ತುಂಬಿ ಅರಳಿಸುವ ಅಗಲವಾದ ಉಷ್ಣ ಕವಚ ಮತ್ತು ಶಬ್ದಾತೀತ ವೇಗದಲ್ಲೇ ಎದುರುಮುಖವಾಗಿ ರಾಕೆಟ್ ಉರಿಸುವುದು. ಮೊದಲನೆಯದರ 6 ಮೀಟರ್ ಮಾದರಿಯನ್ನು ನಾಸಾ 2022ರ ನವೆಂಬರ್‌ನಲ್ಲಿ ಭೂಮಿಯ ಕಕ್ಷೆಯಿಂದ ಸಾಗರಕ್ಕೆ ಇಳಿಸಿ ಗೆದ್ದಿದೆ. ಮಂಗಳದಲ್ಲಿ ಎರಡನ್ನೂ ಯಾರೂ ಮಾಡಿಲ್ಲ.

ಪ್ರಶ್ನೆ: ಹೈಸ್ಕೂಲ್ ವಿಜ್ಞಾನ ಪ್ರದರ್ಶನಕ್ಕೆ ಆರು ಗಾಲಿಯ ರೋವರ್ ಮಾಡಿದೆವು. ಕಲ್ಲು ಹತ್ತಿಸಿದರೆ ಮುಗ್ಗರಿಸುತ್ತದೆ. ಏನು ತಪ್ಪಾಗಿದೆ?

ಉತ್ತರ: ಎರಡು ಕಡೆ ನೋಡಿ. ನಿಜವಾದ ರೋವರಿನಲ್ಲಿ ಸ್ಪ್ರಿಂಗ್ ಇರುವುದಿಲ್ಲ. ಪ್ರತಿ ಬದಿಯಲ್ಲಿ ಒಂದು ದೊಡ್ಡ ತೋಳು. ಅದರ ಮುಂದಿನ ತುದಿಗೆ ಒಂದು ಗಾಲಿ, ಹಿಂದಿನ ತುದಿಗೆ ತಿರುಗಣಿಯ ಮೇಲೆ ಚಿಕ್ಕ ತೋಳು. ಚಿಕ್ಕ ತೋಳಿನ ಎರಡು ತುದಿಗೆ ನಡುವಿನ ಮತ್ತು ಹಿಂದಿನ ಗಾಲಿ. ಇದಕ್ಕೆ ರಾಕರ್-ಬೋಗಿ ಎನ್ನುತ್ತಾರೆ.

ಮೊದಲು ತಿರುಗಣಿಯ ಜಾಗ ಸರಿಯಿದೆಯೇ ಅಳೆಯಿರಿ. ಆರೂ ಗಾಲಿಗೆ ಸಮ ಭಾರ ಬೀಳಬೇಕಾದರೆ ಚಿಕ್ಕ ತೋಳಿನ ತಿರುಗಣಿ ಅದರ ಎರಡು ಗಾಲಿಗಳ ನಟ್ಟನಡುವೆ ಇರಬೇಕು. ದೊಡ್ಡ ತೋಳು ಪೆಟ್ಟಿಗೆಗೆ ಸೇರುವ ತಿರುಗಣಿ, ಮುಂದಿನ ಗಾಲಿಯಿಂದ ಎಷ್ಟು ದೂರವೋ ಚಿಕ್ಕ ತೋಳಿನ ತಿರುಗಣಿಯಿಂದ ಅದರ ಅರ್ಧ ದೂರದಲ್ಲಿರಬೇಕು. ಆ ಕಡೆ ಎರಡು ಗಾಲಿಯ ಭಾರವಿದೆಯಲ್ಲ, ಅದಕ್ಕೆ. ಗಾಲಿಗಳ ನಡುವೆ 15 ಸೆಂ.ಮೀ. ಸಮ ಅಂತರ ಇಟ್ಟಿದ್ದರೆ ಈ ಬಿಂದು ಸರಿಯಾಗಿ ನಡುವಿನ ಗಾಲಿಯ ನೆತ್ತಿಯ ಮೇಲೆ ಬರುತ್ತದೆ. ಬ್ಯಾಟರಿ ಸಹಿತ ಪೆಟ್ಟಿಗೆಯ ತೂಕದ ಕೇಂದ್ರವೂ ಅಲ್ಲೇ ಇರಲಿ.

ಎರಡನೆಯದು, ಮಾದರಿ ಮಾಡುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಭಾಗ: ಎಡ-ಬಲ ತೋಳುಗಳನ್ನು ಬೆಸೆಯುವ ಅಡ್ಡಪಟ್ಟಿ. ಪೆಟ್ಟಿಗೆಯ ಮೇಲೆ ಅಡ್ಡಲಾಗಿ ಒಂದು ಪಟ್ಟಿ ಇಟ್ಟು ಮಧ್ಯದಲ್ಲಿ ಮಾತ್ರ ಬೋಲ್ಟ್ ಹಾಕಿ ತಿರುಗಲು ಬಿಡಿ. ಎರಡು ತುದಿಯಿಂದ ಚಿಕ್ಕ ಕಡ್ಡಿಗಳ ಮೂಲಕ, ಎಲ್ಲ ದಿಕ್ಕಿಗೂ ಹೊರಳುವ ಕೀಲು ಹಾಕಿ, ಎಡ-ಬಲ ತೋಳಿಗೆ ಜೋಡಿಸಿ. ಎಡತೋಳು ಎದ್ದಷ್ಟೂ ಬಲತೋಳು ತಗ್ಗುತ್ತದೆ, ಪೆಟ್ಟಿಗೆ ಅರ್ಧದಷ್ಟೇ ವಾಲುತ್ತದೆ. ಇದಿಲ್ಲದಿದ್ದರೆ ಪೆಟ್ಟಿಗೆ ಎರಡು ತಿರುಗಣಿಗಳ ಮೇಲೆ ತೊಟ್ಟಿಲಿನಂತೆ ತೂಗಿ ಮೂಗು ಕೆಳಗಾಗುತ್ತದೆ. ನಿಮ್ಮದು ಮುಗ್ಗರಿಸುತ್ತಿರುವುದು ಬಹುಶಃ ಇದರಿಂದಲೇ.

ಆರೂ ಗಾಲಿಗೆ ಮೋಟರ್ ಇರಲೇಬೇಕು. ಹತ್ತುವ ಗಾಲಿಯನ್ನು ಬಂಡೆಯ ಗೋಡೆಗೆ ಒತ್ತಿ ಹಿಡಿಯುವುದು ಉಳಿದ ಐದರ ನೂಕು. ಮೋಟರ್‌ಗಳಿಗೆ ವಿದ್ಯುತ್ ಹಂಚಲು ಎಲ್‌298ಎನ್ ಡ್ರೈವರ್ ಬಳಸಿದ್ದರೆ ಒಂದು ಚಾನೆಲ್ಲಿನ ಮಿತಿ 2 ಆಂಪಿಯರ್ ಎಂಬುದು ಗಮನದಲ್ಲಿರಲಿ. ಒಂದು ಬದಿಯ ಮೂರೂ ಮೋಟರ್ ಒಟ್ಟಿಗೆ ಸಿಕ್ಕಿ ನಿಂತರೆ ಅದು ಕಾದು ಕೈಕೊಡಬಹುದು. ಜೊತೆಗೆ ಅದರೊಳಗೇ ಸುಮಾರು 2 ವೋಲ್ಟ್ ಸೋರುತ್ತದೆ, ಬ್ಯಾಟರಿ ಆರಿಸುವಾಗ ಅಷ್ಟು ಹೆಚ್ಚಿಗೆ ಹಿಡಿಯಿರಿ.

ಪ್ರಶ್ನೆ: ಇಂಜೆನ್ಯುಯಿಟಿ ಹೆಲಿಕಾಪ್ಟರ್ ಮುರಿದದ್ದು ಹೇಗೆ?

ಉತ್ತರ: ಪರ್ಸಿವರೆನ್ಸ್ ಜೊತೆ ಮಂಗಳಕ್ಕೆ ಹೋದ 1.8 ಕೆ.ಜಿ. ತೂಕದ ಆ ಯಂತ್ರ ತೆಳುಗಾಳಿಯಲ್ಲಿ ಮೇಲೇಳಲು 1.2 ಮೀಟರ್ ಅಗಲದ ಜೋಡಿ ರೆಕ್ಕೆಗಳನ್ನು ನಿಮಿಷಕ್ಕೆ ಸುಮಾರು 2,500 ಸುತ್ತು ತಿರುಗಿಸುತ್ತಿತ್ತು. ಐದು ಹಾರಾಟದ ಪ್ರಯೋಗಕ್ಕೆಂದು ಹೋದದ್ದು 2021ರ ಏಪ್ರಿಲ್ 19ರಿಂದ 2024ರ ಜನವರಿ 18ರವರೆಗೆ 72 ಸಲ ಹಾರಿತು. ಕೆಳಗಿನ ನೆಲದ ಕಲ್ಲುಗಳನ್ನು ಕ್ಯಾಮೆರಾದಿಂದ ಹಿಂಬಾಲಿಸುತ್ತ ತನ್ನ ವೇಗ ತಿಳಿಯುವುದು ಅದರ ಕ್ರಮ. ಕೊನೆಯ ಸಲ ಕೆಳಗಿದ್ದದ್ದು ಗುರುತುಗಳೇ ಇಲ್ಲದ ಮರಳು ದಿಣ್ಣೆ. ವೇಗದ ಅಂದಾಜು ತಪ್ಪಿ, ಇಳಿಜಾರಿನಲ್ಲಿ ಗಡುಸಾಗಿ ಇಳಿದು ರೆಕ್ಕೆಗಳು ಮುರಿದವು. ರೋವರ್ ಗಾಲಿಯ ಅಚ್ಚು ನೋಡಿ ಬಗೆಹರಿಸಿಕೊಳ್ಳುವ ತೊಡಕೇ ಇದು. ಹಾರುವ ಯಂತ್ರಕ್ಕೆ ಅಚ್ಚು ಎಲ್ಲಿಂದ ಬರಬೇಕು?

ಪ್ರಶ್ನೆ: ಮಂಗಳದಲ್ಲಿ ಉಸಿರಾಡುವ ಗಾಳಿ ತಯಾರಿಸಿದ್ದಾರೆ ಎಂದು ಓದಿದೆ. ಹಾಗಾದರೆ ಅರ್ಧ ಸಮಸ್ಯೆ ತೀರಿತಲ್ಲವೇ?

ಉತ್ತರ: ತತ್ವ ಸಾಬೀತಾಗಿದೆ, ಪ್ರಮಾಣ ಬಹಳ ದೂರವಿದೆ. ಪರ್ಸಿವರೆನ್ಸ್‌ನ ಹೊಟ್ಟೆಯಲ್ಲಿದ್ದ ಮಾಕ್ಸಿ ಎಂಬ ಉಪಕರಣ ಮಂಗಳದ ಗಾಳಿಯನ್ನು ಸೋಸಿ, ಒತ್ತಿ, 800 ಡಿಗ್ರಿಗೆ ಕಾಯಿಸಿ, ವಿದ್ಯುತ್ ಹಾಯಿಸಿತು. ಅಲ್ಲಿನ ಗಾಳಿಯಲ್ಲಿ 95 ಭಾಗ ಇಂಗಾಲದ ಡೈಆಕ್ಸೈಡ್. ಪಿಂಗಾಣಿ ಜಾತಿಯ ಪದರವೊಂದು ಅದರಿಂದ ಬೇರ್ಪಟ್ಟ ಆಮ್ಲಜನಕವನ್ನು ಮಾತ್ರ ಆಚೆ ಬಿಡುತ್ತದೆ. ಉಳಿದ ಇಂಗಾಲದ ಮೊನಾಕ್ಸೈಡ್ ಹೊರಗೆ. ಹುಷಾರಾಗಿರಬೇಕಾದ್ದು ವೋಲ್ಟೇಜಿನಲ್ಲಿ. ಹೆಚ್ಚಾದರೆ ಮೊನಾಕ್ಸೈಡೂ ಒಡೆದು ಮಸಿ ಕೂತು ಪದರ ಕಟ್ಟಿಕೊಳ್ಳುತ್ತದೆ, ಆಮೇಲೆ ಆ ಕೋಶ ಕೆಲಸಕ್ಕೆ ಬಾರದು.

2021ರಿಂದ 2023ರವರೆಗೆ 16 ಸಲ ಓಡಿಸಿ ತೆಗೆದದ್ದು ಒಟ್ಟು 122 ಗ್ರಾಂ. ಅತಿ ಹೆಚ್ಚೆಂದರೆ ಗಂಟೆಗೆ 12 ಗ್ರಾಂ, ಶುದ್ಧತೆ 98 ಭಾಗ ಅಥವಾ ಮೇಲು. ಒಬ್ಬರಿಗೆ ದಿನಕ್ಕೆ 840 ಗ್ರಾಂ ಬೇಕು. ಅಂದರೆ ಎಲ್ಲ ಸೇರಿಸಿದರೂ ಮೂರೂವರೆ ಗಂಟೆಯ ಉಸಿರು.

ಆದರೆ ಉಸಿರಾಟ ಸಣ್ಣ ಬಾಬ್ತು. ದೊಡ್ಡದು ವಾಪಸಾತಿಯ ರಾಕೆಟ್. ನಾಲ್ವರನ್ನು ಮಂಗಳದ ನೆಲದಿಂದ ಮೇಲೆತ್ತಲು ಸುಮಾರು 7 ಟನ್ ಇಂಧನ, ಅದನ್ನು ಉರಿಸಲು 25 ಟನ್ ಆಮ್ಲಜನಕ ಬೇಕು. ಅಷ್ಟನ್ನು ಭೂಮಿಯಿಂದ ಹೊತ್ತೊಯ್ದರೆ ಇಳಿಸುವ ಭಾರ ಕೈಮೀರುತ್ತದೆ, ಆದ್ದರಿಂದ ಅಲ್ಲೇ ಮಾಡಬೇಕು. ಗಂಟೆಗೆ 2.5 ಕೆ.ಜಿ. ಕೊಡುವ ಯಂತ್ರ, ಅಂದರೆ ಮಾಕ್ಸಿಯ 200 ಪಟ್ಟು ದೊಡ್ಡದು, ಒಂದು ದಿನವೂ ನಿಲ್ಲದೆ 10,000 ಗಂಟೆ ಓಡಿದರೆ 25 ಟನ್. ಸುಮಾರು 14 ತಿಂಗಳು. ಟ್ಯಾಂಕ್ ತುಂಬಿದೆ ಎಂಬ ಖಾತ್ರಿ ಸಿಗುವವರೆಗೆ ಜನ ಭೂಮಿ ಬಿಡಬಾರದು. ಹಾಗಾದರೆ ಆ 14 ತಿಂಗಳು ಫಿಲ್ಟರ್‌ಗೆ ಧೂಳು ಕಟ್ಟಿದರೂ ಕವಾಟ ಸಿಕ್ಕಿಕೊಂಡರೂ ಸರಿಪಡಿಸಲು ಯಾರೂ ಇರುವುದಿಲ್ಲ, ರೋವರ್‌ಗಳ ಹೊರತು. ಮನುಷ್ಯರ ಯಾತ್ರೆಗೆ ರೋವರ್ ಏಕೆ ಬೇಕು ಎಂದು ಕೇಳುವವರಿಗೆ ನಾವು ಮೊದಲು ತೋರಿಸುವುದು ಈ ಲೆಕ್ಕವನ್ನೇ.

ಪ್ರಶ್ನೆ: ಹೋಗಲು ಏಳೆಂಟು ತಿಂಗಳಾದರೆ, ಒಂದು ವಾರ ಇದ್ದು ವಾಪಸ್ ಬರಬಹುದಲ್ಲ?

ಉತ್ತರ: ಹೊರಡುವ ಬಾಗಿಲು ತೆರೆಯುವುದು 26 ತಿಂಗಳಿಗೊಮ್ಮೆ. ಕಡಿಮೆ ಇಂಧನದ ದಾರಿ ಹಿಡಿದು ಎಂಟೂವರೆ ತಿಂಗಳಿಗೆ ಮಂಗಳ ಮುಟ್ಟಿದಾಗ ಭೂಮಿ ತನ್ನ ಓಟದಲ್ಲಿ ಮುಂದೆ ಹೋಗಿಬಿಟ್ಟಿರುತ್ತದೆ. ಅದೇ ಬಗೆಯ ದಾರಿಯಲ್ಲಿ ಮರಳಲು ಎರಡು ಗ್ರಹಗಳೂ ತಕ್ಕ ಜಾಗಕ್ಕೆ ಬರುವವರೆಗೆ ಹದಿನೈದು ತಿಂಗಳಿಗೂ ಹೆಚ್ಚು ಕಾಯಬೇಕು. ಹೋಗಿ ಬರುವಷ್ಟರಲ್ಲಿ 900 ದಿನಕ್ಕೂ ಮೇಲೆ. ಬೇಗ ಮರಳುವ ದಾರಿ ಉಂಟು, ಶುಕ್ರನ ಕಕ್ಷೆಯತ್ತ ಒಳಗೆ ಹಾದು ಬರುವಂಥದ್ದು. ಇಂಧನ ವಿಪರೀತ, ಸೂರ್ಯನ ಝಳವೂ ಹೆಚ್ಚು.

ದಿನಕ್ಕೆ ಒಬ್ಬರಿಗೆ ಪೊಟ್ಟಣ ಸಹಿತ ಸುಮಾರು 1.8 ಕೆ.ಜಿ. ಆಹಾರ ಹಿಡಿದರೆ ನಾಲ್ವರಿಗೆ 900 ದಿನಕ್ಕೆ ಆರೂವರೆ ಟನ್. ನೀರಿನ ಬಗ್ಗೆ ಭರವಸೆಯಿದೆ: ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಬೆವರು, ಉಸಿರಿನ ತೇವ, ಮೂತ್ರ ಎಲ್ಲ ಸೇರಿ 98 ಭಾಗ ನೀರನ್ನು ಮರಳಿ ಪಡೆಯುವುದನ್ನು 2023ರಲ್ಲಿ ಸಾಧಿಸಿದ್ದಾರೆ. ದೇಹದ ವಿಷಯಕ್ಕೆ ಅಷ್ಟು ಧೈರ್ಯ ಸಾಲದು. ತೂಕರಹಿತ ಸ್ಥಿತಿಯಲ್ಲಿ ವ್ಯಾಯಾಮ ಬಿಟ್ಟರೆ ಭಾರ ಹೊರುವ ಮೂಳೆಗಳು ತಿಂಗಳಿಗೆ ನೂರಕ್ಕೆ 1ರಿಂದ 1.5 ಭಾಗ ಸವೆಯುತ್ತವೆ. ಒಂದೇ ಯಾತ್ರೆಯಲ್ಲಿ ಅತಿ ಹೆಚ್ಚು ಕಾಲ ಇದ್ದವರು ರಷ್ಯಾದ ವಲೇರಿ ಪೊಲ್ಯಕೋವ್, 1994-95ರಲ್ಲಿ 437 ದಿನ. ಭೂಮಿಯದರ ನೂರಕ್ಕೆ 38 ಭಾಗದಷ್ಟಿರುವ ಮಂಗಳದ ಗುರುತ್ವ ಮೂಳೆಗೆ ಸಾಕೇ ಎಂದು ಹೇಳಬಲ್ಲವರು ಯಾರೂ ಇಲ್ಲ. ಭೂಮಿಗಿಂತ ಕಡಿಮೆ ಗುರುತ್ವದ ನೆಲದಲ್ಲಿ ಮನುಷ್ಯರು ಇದ್ದದ್ದು ಚಂದ್ರನ ಮೇಲೆ ಮಾತ್ರ, ಅದೂ ಒಂದು ಸಲಕ್ಕೆ ಮೂರು ದಿನ.

ಪ್ರಶ್ನೆ: ವಿಕಿರಣದಿಂದ ತಪ್ಪಿಸಿಕೊಳ್ಳಲು ಸೀಸದ ಗೋಡೆ ಹಾಕಿದರಾಗದೆ?

ಉತ್ತರ: ಇನ್ನೂ ಕೆಡಬಹುದು. ನಕ್ಷತ್ರಲೋಕದಿಂದ ಬರುವ ಭಾರದ ಕಣ ಸೀಸದಂಥ ಭಾರದ ಪರಮಾಣುವಿಗೆ ಬಡಿದರೆ ಅದನ್ನು ಚೂರು ಮಾಡಿ ಹೊಸ ಕಣಗಳ ಮಳೆ ಸುರಿಸುತ್ತದೆ. ಹಗುರ ಜಲಜನಕ ತುಂಬಿದ ವಸ್ತು ಮೇಲು: ನೀರು, ಪಾಲಿಥೀನ್. ಸೂರ್ಯನ ಸ್ಫೋಟ ಕಂಡಾಗ ನೀರಿನ ಟ್ಯಾಂಕು, ಆಹಾರದ ಮೂಟೆಗಳಿಂದ ಸುತ್ತುವರಿದ ಚಿಕ್ಕ ಕೋಣೆಗೆ ಸೇರಿಕೊಳ್ಳುವುದು ಯೋಜನೆ.

ಎಷ್ಟು ವಿಕಿರಣ ಎಂಬುದನ್ನೂ ರೋವರೇ ಅಳೆದುಕೊಟ್ಟಿದೆ. ಕ್ಯೂರಿಯಾಸಿಟಿ ದಾರಿಯುದ್ದಕ್ಕೂ ಅಳೆದದ್ದು ದಿನಕ್ಕೆ ಸುಮಾರು 1.8 ಮಿಲಿಸೀವರ್ಟ್ (ದೇಹಕ್ಕೆ ತಾಗುವ ವಿಕಿರಣದ ಅಳತೆ), ಮಂಗಳದ ನೆಲದಲ್ಲಿ 0.65ರ ಸುತ್ತ. ಮೇಲೆ ಹೇಳಿದ್ದಕ್ಕಿಂತ ಬೇಗ ತಲುಪುವ ದಾರಿ ಹಿಡಿದು, ಹೋಗಿ ಬರಲು 360 ದಿನ ಪ್ರಯಾಣ, 500 ದಿನ ವಾಸ ಎಂದು ಗುಣಿಸಿದರೆ 970 ಮಿಲಿಸೀವರ್ಟ್ ಆಗುತ್ತದೆ. ನಾಸಾ ತನ್ನ ಗಗನಯಾತ್ರಿಗೆ ಜೀವಮಾನಕ್ಕೆ ಇಟ್ಟ ಮಿತಿ 600. ಈ ಅಂತರ ತುಂಬುವ ಬಗೆ ಮೂರು: ಬೇಗ ತಲುಪುವ ಎಂಜಿನ್, ಮಂಗಳದ ಮಣ್ಣು ಹೊದಿಸಿದ ಮನೆ, ಒಳ್ಳೆಯ ಕವಚ. ಮಣ್ಣಿನ ಮಾತು ಬಂತೆಂದು ಹೇಳುತ್ತೇವೆ, 2008ರಲ್ಲಿ ಫೀನಿಕ್ಸ್ ನೌಕೆ ಅದರಲ್ಲಿ ಪರ್ಕ್ಲೋರೇಟ್ ಲವಣ ಕಂಡಿತು. ಅದು ಥೈರಾಯ್ಡ್ ಗ್ರಂಥಿಯ ಕೆಲಸ ಕೆಡಿಸುತ್ತದೆ. ಆದ್ದರಿಂದ ಮಣ್ಣು ಮನೆಯ ಮೇಲಿರಬೇಕು, ಒಳಗೆ ಬರಬಾರದು. ಹೊರ ಉಡುಪನ್ನು ಹೊರಗೇ ಬಿಟ್ಟು ಒಳ ನುಸುಳುವ ಬಾಗಿಲುಗಳ ವಿನ್ಯಾಸ ನಡೆದಿರುವುದು ಇದಕ್ಕೇ.

ಪ್ರಶ್ನೆ: ಇಷ್ಟೆಲ್ಲ ಕಷ್ಟವಿರುವಾಗ ರೋವರ್‌ಗಳೇ ಸಾಕಲ್ಲವೇ?

ಉತ್ತರ: ಎರಡು ಅಂಕಿಗಳನ್ನು ಅಕ್ಕಪಕ್ಕ ಇಡುತ್ತೇವೆ. ಆಪರ್ಚುನಿಟಿ 14 ವರ್ಷಗಳಲ್ಲಿ ಕ್ರಮಿಸಿದ್ದು 45 ಕಿ.ಮೀ. 1972ರ ಡಿಸೆಂಬರ್‌ನಲ್ಲಿ ಅಪೊಲೊ 17ರ ಇಬ್ಬರು ಚಂದ್ರನ ಮೇಲೆ ಮೂರು ದಿನದಲ್ಲಿ ಸುಮಾರು 36 ಕಿ.ಮೀ. ಬಂಡಿ ಓಡಿಸಿ 110 ಕೆ.ಜಿ. ಕಲ್ಲುಮಣ್ಣು ತಂದರು. ಅವರಲ್ಲಿ ಒಬ್ಬರು ಭೂವಿಜ್ಞಾನಿ ಹ್ಯಾರಿಸನ್ ಶ್ಮಿಟ್. ಕಾಲಡಿ ಕಿತ್ತಳೆ ಬಣ್ಣದ ಮಣ್ಣು ಕಂಡ ಕೂಡಲೇ ನಿಂತು ಅಗೆದರು. ಅಂಥ ತೀರ್ಮಾನಕ್ಕೆ ರೋವರ್ ತಂಡಕ್ಕೆ ದಿನಗಟ್ಟಲೆ ಬೇಕು.

ಆದರೂ ಮನುಷ್ಯ ಮೊದಲು ಕಾಲಿಡುವುದು ಬೇಡ ಎನ್ನುವುದು ನಮ್ಮ ಅಭಿಪ್ರಾಯ. ಮನುಷ್ಯ ಹೋದಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳೂ ಹೋಗುತ್ತವೆ. ಆಮೇಲೆ ಸಿಗುವ ಜೀವ ಅಲ್ಲಿನದೋ ನಮ್ಮದೋ ಎಂದು ಹೇಳುವುದು ಕಷ್ಟ. ಪರ್ಸಿವರೆನ್ಸ್ 2024ರ ಜುಲೈನಲ್ಲಿ ಜೆಜೆರೊ ಕುಳಿಯ ಹಳೆಯ ನದಿಪಾತ್ರದಲ್ಲಿ, ಚೆಯಾವ ಫಾಲ್ಸ್ ಎಂದು ಹೆಸರಿಟ್ಟ ಬಂಡೆಯ ಮೇಲೆ, ಚಿರತೆಯ ಮೈಯಂಥ ಚುಕ್ಕೆಗಳನ್ನು ಕಂಡು ಅದರ ತುಣುಕೊಂದನ್ನು ಕೊಳವೆಯಲ್ಲಿ ಮುಚ್ಚಿಟ್ಟಿದೆ. ಭೂಮಿಯಲ್ಲಿ ಅಂಥ ಕಬ್ಬಿಣದ ಖನಿಜಗಳನ್ನು ಹಲವು ಸಲ ಸೂಕ್ಷ್ಮಜೀವಿಗಳು ಉಂಟುಮಾಡುತ್ತವೆ, ಜೀವವಿಲ್ಲದೆಯೂ ಉಂಟಾಗಬಹುದು. ತೀರ್ಮಾನಕ್ಕೆ ಆ ಕೊಳವೆ ಭೂಮಿಯ ಪ್ರಯೋಗಾಲಯಕ್ಕೆ ಬರಬೇಕು. 2028ರಲ್ಲಿ ಹೊರಡಬೇಕಾಗಿರುವ ಯುರೋಪಿನ ರೋಸಲಿಂಡ್ ಫ್ರಾಂಕ್ಲಿನ್ ರೋವರ್ 2 ಮೀಟರ್ ಆಳ ಕೊರೆಯಲಿದೆ. ವಿಕಿರಣ ಸುಟ್ಟು ಹಾಕದ ಇಂಗಾಲದ ಅಣುಗಳು ಇದ್ದರೆ ಆ ಆಳದಲ್ಲಿ ಉಳಿದಿರಬೇಕು. ಈ ಎರಡು ಕೆಲಸ ಆಗುವವರೆಗೆ ನೆಲ ಮುಟ್ಟದಿರುವುದೇ ಸರಿ.

ನಡುವಿನ ದಾರಿಯೊಂದು ಇದೆ, ಅದರ ಚರ್ಚೆ ಸಾಲದೆಂದು ನಮ್ಮ ಕೊರಗು. ಜನರನ್ನು ಮೊದಲು ಮಂಗಳದ ಉಪಗ್ರಹ ಫೋಬೋಸ್‌ನ ಬಳಿಗೆ ಕಳಿಸಬಹುದು. ಅದು ನೆಲದಿಂದ ಸುಮಾರು 6,000 ಕಿ.ಮೀ. ಮೇಲಿದೆ. ಅಲ್ಲಿಗೆ ಹೋಗಲು 20 ಟನ್ ಇಳಿಸುವ ತಾಪತ್ರಯವಿಲ್ಲ, 25 ಟನ್ ಆಮ್ಲಜನಕ ಮಾಡುವ ಗೊಡವೆಯೂ ಇಲ್ಲ. ಅಲ್ಲಿಂದ ನೆಲದ ರೋವರಿಗೆ ಸಂಕೇತ ಮುಟ್ಟಲು ಒಂದು ಸೆಕೆಂಡಿನ ಐವತ್ತನೇ ಒಂದು ಪಾಲು ಸಾಕು. ರೋವರನ್ನು ರಿಮೋಟ್ ಕಾರಿನಂತೆ ಓಡಿಸಬಹುದೇ ಎಂದು ಮೊದಲು ಕೇಳಿದ ಓದುಗರಿಗೆ ಉತ್ತರವೂ ಇಲ್ಲಿ ತುಸು ಬದಲಾಗುತ್ತದೆ: ಭೂಮಿಯಿಂದ ಆಗದು, ಫೋಬೋಸ್ ರೋವರಿನ ಕಡೆಯ ಆಕಾಶದಲ್ಲಿ ಇರುವಷ್ಟು ಹೊತ್ತು ಅಲ್ಲಿಂದ ಆಗುತ್ತದೆ.